ಹಗ್ಗಕ್ಕೆ ಕೈ ಹಾಕಿದವರ ಪಾಲು

ಆ ದೂರು ಬರೆದವಳು ನಾನೇ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕಾಪು ಕಡಲತೀರದ ಬ್ಲೂಸ್ ಮೇಳದ ಎರಡನೆಯ ದಿನ, ಶನಿವಾರ, ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ, ಅಳುವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಶಿಬಿರದವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದೇ ಹೆಬ್ಬೆರಳಿನಿಂದ ಬರೆದದ್ದು: 'ದಡದಲ್ಲಿ ಯಾರೋ ಗಂಡಸರು ಕಿರುಚಾಡುತ್ತಿದ್ದಾರೆ. ಮಕ್ಕಳು ಮಲಗಿದ್ದಾರೆ. ದಯವಿಟ್ಟು ಏನಾದರೂ ಮಾಡಿ.' ಐದು ನಿಮಿಷದೊಳಗೆ ಹದಿನೇಳು ಜನ ಅದಕ್ಕೆ ಹೆಬ್ಬೆರಳಿನ ಚಿತ್ರ ಒತ್ತಿದರು. ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ನಾಚಿಕೆಯಾಗುತ್ತದೆ ಈಗ.

ಕಿರುಚುತ್ತಿದ್ದ ಆ ಗಂಡಸಿನ ಹೆಸರು ಕಿಟ್ಟ. ವಯಸ್ಸು ಅರವತ್ತನಾಲ್ಕು. ಕಾಪುವಿನಲ್ಲಿ ಹುಟ್ಟಿ, ಕಾಪುವಿನ ದಡದಲ್ಲೇ ನಲವತ್ತೆರಡು ವರ್ಷದಿಂದ ಕೈರಂಪಣಿ ಬಲೆಯ ಕೂಗು ಹಾಕುತ್ತಿರುವವರು. ಅವರ ಬಗ್ಗೆ ಯಾರೂ ಎಲ್ಲಿಯೂ ಬರೆದಿಲ್ಲ. ಆ ಮೇಳದ ಬಗ್ಗೆ ಪತ್ರಿಕೆಗಳಲ್ಲಿ ಬಂದ ಬಣ್ಣಬಣ್ಣದ ಪುಟಗಳಲ್ಲಿ ಹುಡುಕಿ ನೋಡಿದೆ, ಒಂದು ಸಾಲು ಇಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ಮೇಳಕ್ಕೆ ಹೋಗುವುದೇ ನನಗೆ ಬೇಡವಾಗಿತ್ತು. ನನ್ನ ಗಂಡ ಆಸ್ಟಿನ್‌ಗೆ ಗಿಟಾರಿನ ಹುಚ್ಚು. ಮಣಿಪಾಲದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು ಅದೇ ಮೂರು ಸ್ವರಗಳನ್ನು ಹಿಂದೆ ಮುಂದೆ ನುಡಿಸುತ್ತಾ, "ಬ್ಲೂಸ್ ಅಂದರೆ ಇಷ್ಟೇ ಜೋಸ್ಲಿನ್, ಕಷ್ಟವನ್ನು ಎರಡು ಸಲ ಹೇಳುವುದು, ಮೂರನೆಯ ಸಾಲಿನಲ್ಲಿ ನಗುವುದು" ಎನ್ನುತ್ತಾನೆ. ಮೂರು ದಿನ ಕಡಲ ಬದಿಯಲ್ಲಿ ಟೆಂಟ್, ಮೂರು ವರ್ಷದ ಮಗಳು ಝೀಟಾ. ನನ್ನ ತಲೆಯೊಳಗೆ ಅಲೆ, ಸೊಳ್ಳೆ, ಹಾವು, ಶೌಚಾಲಯ, ಜ್ವರ ಎಲ್ಲವೂ ಒಟ್ಟಿಗೆ ಎದ್ದು ನಿಂತವು. ನಾನು ಓದಿ ಬೆಳೆದದ್ದು ಮೈಸೂರಿನಲ್ಲಿ. ಕಡಲು ಎಂದರೆ ಶಾಲೆಯ ಪ್ರವಾಸದಲ್ಲಿ ಟೀಚರ್ ಕೈ ಹಿಡಿದು ನೋಡುವ ವಸ್ತು. ಕುದಿಸಿ ಆರಿಸಿದ ಹನ್ನೆರಡು ಲೀಟರ್ ನೀರು, ಥರ್ಮಾಮೀಟರ್, ಮೂರು ಟಾರ್ಚು, ಝೀಟಾಳ ಕೆಂಪು ಬಕೆಟು, ನಾಲ್ಕು ಜೊತೆ ಕಾಲುಚೀಲ, ಎಲ್ಲ ಕಟ್ಟಿಕೊಂಡೆ. ಕುಕ್ಕುಂದೂರಿನಿಂದ ಅತ್ತೆ ಕಾನ್ಸೆಪ್ಟಾ ಫೋನಿನಲ್ಲಿ, "ಕಾಪು ಕಡಲಿಗೆ ಹೋಗುವುದಾ, ಕಾಶ್ಮೀರಕ್ಕಾ?" ಎಂದು ನಕ್ಕರು.

ನಿಜ ಹೇಳಬೇಕೆಂದರೆ ಶಿಬಿರ ನನಗೆ ಮೊದಲ ಸಂಜೆಯೇ ಹಿಡಿಸಿತು. ಗಾಳಿಮರಗಳ ಕೆಳಗೆ ಅರವತ್ತು ಟೆಂಟುಗಳು. ಪಕ್ಕದ ಟೆಂಟಿನಲ್ಲಿ ಸಂತೆಕಟ್ಟೆಯ ಬ್ರೆಂಡಾ, ಉಡುಪಿಯಲ್ಲಿ ನರ್ಸ್. ಮನೆಯ ಕುಕ್ಕರನ್ನೇ ಹೊತ್ತು ತಂದಿದ್ದಳು. ಎದುರಿನ ಟೆಂಟಿನಲ್ಲಿ ಮಣಿಪಾಲದ ಮೂವರು ವಿದ್ಯಾರ್ಥಿಗಳು. ಗೂಟಗಳನ್ನೇ ಮರೆತು ಬಂದಿದ್ದರು, ನಮ್ಮ ಹೆಚ್ಚಿನ ಗೂಟಗಳು ಅವರಿಗಾದವು. ಆಚೆಗೆ ಶಿಲ್ಲಾಂಗಿನಿಂದ ಬಂದ ಗಿಟಾರ್ ವಾದಕಿ, ಐವತ್ತು ದಾಟಿದ ಹೆಂಗಸು, ಎಲ್ಲರಿಗೂ 'ಆಂಟಿ'. ವೇದಿಕೆಯ ಮೇಲೆ ಅವರನ್ನು ಕೇಳಲು ಜನ ದೂರದೂರದಿಂದ ಬಂದಿದ್ದರು. ಇಲ್ಲಿ ನೋಡಿದರೆ ನಮ್ಮ ಬಟ್ಟೆ ಒಣಗುವ ಹಗ್ಗದ ಕೆಳಗೆ ಕುಳಿತು ಝೀಟಾಳಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು. ಒಬ್ಬರ ಚಹಾ ಇನ್ನೊಬ್ಬರ ಲೋಟಕ್ಕೆ, ಒಬ್ಬರ ಸೊಳ್ಳೆಬತ್ತಿ ಇನ್ನೊಬ್ಬರ ಬಾಗಿಲಿಗೆ. ಫ್ಲ್ಯಾಟಿನಲ್ಲಿ ಎದುರುಮನೆಯವರ ಹೆಸರು ತಿಳಿಯಲು ನನಗೆ ಎರಡು ವರ್ಷ ಬೇಕಾಗಿತ್ತು. ಇಲ್ಲಿ ಒಂದೇ ಸಂಜೆಗೆ ನನ್ನ ಮಗಳ ಮೈ ಬಿಸಿ ನೋಡಲು ನಾಲ್ಕು ಕೈಗಳು ಬಂದವು.

ಹಾಗೆ ಸಿಕ್ಕಿದ ನೆಮ್ಮದಿಯನ್ನು ಬೆಳಿಗ್ಗೆ ಆರಕ್ಕೆ ಆ ಕೂಗು ಒಡೆಯಿತು. ಝೀಟಾ ಬೆಚ್ಚಿ ಎದ್ದಳು. ನಾನು ದೂರು ಬರೆದೆ.

ಅದೇ ದಿನ ಹತ್ತು ಗಂಟೆಗೆ ಝೀಟಾ ಕಾಣೆಯಾದಳು. ಕುಕ್ಕರಿನ ಸೀಟಿ ಎಣಿಸುತ್ತಿದ್ದೆ, ಮೂರನೆಯದಕ್ಕೆ ತಿರುಗಿ ನೋಡಿದರೆ ಮಗು ಇಲ್ಲ. ನನ್ನ ಕಿರುಚಾಟಕ್ಕೆ ಯಾರೂ ದೂರು ಬರೆಯಲಿಲ್ಲ, ಅದು ಬೇರೆ ಮಾತು. ಓಡಿ ಓಡಿ ನೀರಿನ ಅಂಚಿಗೆ ಬಂದರೆ, ದಡಕ್ಕೆ ಎಳೆದಿಟ್ಟ ದೋಣಿಯ ನೆರಳಿನಲ್ಲಿ ನನ್ನ ಮಗಳು ಒಂದು ದಪ್ಪ ಹಗ್ಗದ ಸುರುಳಿಯ ನಡುವೆ ರಾಣಿಯ ಹಾಗೆ ಕುಳಿತಿದ್ದಾಳೆ. ಪಕ್ಕದಲ್ಲಿ ಬನಿಯನ್ ಹಾಕಿದ, ತಲೆಗೆ ಬೈರಾಸು ಸುತ್ತಿದ ಮುದುಕರೊಬ್ಬರು ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದಾರೆ. ಎಡಗೈಯಲ್ಲಿ ಎರಡು ಬೆರಳಿಲ್ಲ.

ನಾನು ನನ್ನ ಮೈಸೂರು ಬಾಯಿಯಲ್ಲಿ ತುಳು ಮಾತಾಡಲು ಹೋದೆ. ಅವರು ಒಂದು ನಿಮಿಷ ಸಹಿಸಿ, ತಾವೇ ಕನ್ನಡಕ್ಕೆ ಬಂದರು.

"ಹೆದರಬೇಡಿ ಬಾಯಮ್ಮ. ಹಗ್ಗದ ಒಳಗೆ ಕೂರಿಸಿದ್ದೇನೆ. ಸುರುಳಿ ದಾಟಿ ಹೋಗುವಷ್ಟು ಕಾಲು ಉದ್ದ ಇಲ್ಲ ಇವಳಿಗೆ."

ಈ ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಹಾಗೆ ಕರೆಯುತ್ತಾರೆ, ಬಾಯಮ್ಮ ಎಂದು. ಆ ಸ್ವರ ಬೆಳಗಿನದೇ ಎಂದು ಆಗ ನನಗೆ ಗೊತ್ತಾಯಿತು. ಬೈಯಬೇಕೋ ಕೈ ಮುಗಿಯಬೇಕೋ ತಿಳಿಯದೆ ನಿಂತಿದ್ದಾಗ ಅವರ ಹೆಂಡತಿ ಪುಷ್ಪಾವತಿ ಬುಟ್ಟಿ ಹಿಡಿದು ಬಂದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಯಾವ ಊರು, ಯಾರ ಮನೆ ಎಂದು ವಿಚಾರಿಸಿ, ಕುಕ್ಕುಂದೂರು ಎಂದದ್ದೇ ತಡ, ಬುಟ್ಟಿ ಕೆಳಗಿಟ್ಟರು.

"ಕಾನ್ಸೆಪ್ಟಾ ಬಾಯಿಯ ಸೊಸೆಯಾ? ಗೇಟಿನ ಹತ್ತಿರ ಬಿಂಬುಳಿ ಮರ ಉಂಟಲ್ಲ, ಆ ಮನೆ? ಅಯ್ಯೋ, ನಿಮ್ಮ ಗಂಡ ಇಷ್ಟುದ್ದ ಇರುವಾಗಿನಿಂದ ಆ ಮನೆಗೆ ಮೀನು ಕೊಟ್ಟವಳು ನಾನು. ಶಿರ್ವ, ಬೆಳ್ಮಣ್ ದಾಟಿ ಕಾರ್ಕಳದ ಬಸ್ಸಿನಲ್ಲಿ, ಹಿಂದಿನ ಬಾಗಿಲಿನಲ್ಲಿ ಬುಟ್ಟಿ ಇಟ್ಟುಕೊಂಡು ನಿಂತೇ ಹೋಗುವುದು. ನಿಮ್ಮ ಅತ್ತೆ ಬಂಗುಡೆಯ ಕಿವಿ ಎತ್ತಿ ನೋಡದೆ ಒಂದು ದಿನ ತಗೊಂಡವರಲ್ಲ."

ಆಮೇಲೆ ನಾನು ಅಲ್ಲಿಂದ ಏಳಲಿಲ್ಲ. ಕಿಟ್ಟಣ್ಣ ಹೊಲಿಯುತ್ತಾ ಹೇಳಿದ್ದು ಸ್ವಲ್ಪ, ಪುಷ್ಪಾವತಿಯಕ್ಕ ನಡುವೆ ಬಾಯಿ ಹಾಕಿ ಹೇಳಿದ್ದು ಹೆಚ್ಚು.

ಕೈರಂಪಣಿ ಎಂದರೆ ದಡದಿಂದಲೇ ಎಳೆಯುವ ಬಲೆ. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ ಉಳಿಯುತ್ತದೆ. ದೋಣಿ ಬಲೆ ಬಿಡುತ್ತಾ ಕಡಲಿನಲ್ಲಿ ಅರ್ಧಚಂದ್ರ ಸುತ್ತಿ, ಇನ್ನೊಂದು ತುದಿಯ ಹಗ್ಗವನ್ನು ದಡಕ್ಕೆ ತರುತ್ತದೆ. ಎರಡೂ ಹಗ್ಗಗಳನ್ನು ಎರಡು ಸಾಲಿನ ಜನ ಹಿಂದಕ್ಕೆ ನಡೆಯುತ್ತಾ ಎಳೆಯಬೇಕು. ಸಾಲಿನ ಕೊನೆಗೆ ತಲುಪಿದವನು ಹಗ್ಗ ಬಿಟ್ಟು ನೀರಿನ ಅಂಚಿಗೆ ಹೋಗಿ ಮತ್ತೆ ಮೊದಲಿನಿಂದ ಹಿಡಿಯಬೇಕು. ಮೂವತ್ತು ಜನ ಒಂದೇ ಉಸಿರಿಗೆ ಎಳೆದರೆ ಬಲೆ ಬರುತ್ತದೆ. ಒಬ್ಬೊಬ್ಬರು ಒಂದೊಂದು ಉಸಿರಿಗೆ ಎಳೆದರೆ ಬಲೆ ಅಲ್ಲೇ, ಜನ ಇಲ್ಲೇ. ಆ ಒಂದು ಉಸಿರು ಕಿಟ್ಟಣ್ಣನ ಗಂಟಲಿನಿಂದ ಬರುತ್ತದೆ.

ಅವರು ಇಪ್ಪತ್ತೆರಡರ ಪ್ರಾಯದಲ್ಲಿ ಕೂಗಲು ಶುರು ಮಾಡಿದ್ದು, ಹಳೆಯ ಕೂಗಿನವರ ಸ್ವರ ಬಿದ್ದುಹೋದ ವರ್ಷ. ನಡುವೆ ಎರಡು ಋತು ಮಲ್ಪೆಯ ಯಾಂತ್ರಿಕ ದೋಣಿಗೆ ಹೋದರು. ಅಲ್ಲಿ ಹಗ್ಗ ಸುತ್ತುವ ಯಂತ್ರ ಎರಡು ಬೆರಳು ತೆಗೆದುಕೊಂಡಿತು. "ಯಂತ್ರಕ್ಕೆ ಕೂಗು ಕೇಳುವುದಿಲ್ಲ ಅಲ್ವಾ," ಎಂದರು, ಯಂತ್ರದ ಮೇಲೆ ಯಾವ ಸಿಟ್ಟೂ ಇಲ್ಲದ ಹಾಗೆ. ವಾಪಸು ಬಂದು ಮತ್ತೆ ದಡದ ಹಗ್ಗ ಹಿಡಿದರು. ಮೂವತ್ತೆರಡು ಮನೆಗಳು ಸೇರಿ ಮಾಡಿಸಿದ ಬಲೆ ಅದು.

"ಮನೆಯಲ್ಲಿ ಈ ಮನುಷ್ಯನ ಬಾಯಿಂದ ಶಬ್ದ ಬರುವುದಿಲ್ಲ," ಎಂದರು ಪುಷ್ಪಾವತಿಯಕ್ಕ. "ನಮ್ಮ ಹರಿಣಾಕ್ಷಿಯ ಮದುವೆಯಲ್ಲಿ ಅಳಿಯನ ಕಡೆಯವರು ಮೈಕು ಕೊಟ್ಟರು, ಒಂದು ಕೂಗು ಹಾಕಿ ಮಾವ ಅಂತ. ಮೈಕು ಹಿಡಿದು ಗೊಂಬೆ ಹಾಗೆ ನಿಂತರು ಮಾರಾಯ್ತಿ. ಸ್ವಂತ ಮಗಳ ಮದುವೆ!"

"ಕೈಯಲ್ಲಿ ಹಗ್ಗ ಇರಲಿಲ್ಲ. ಹಗ್ಗ ಇಲ್ಲದೆ ಹೇಗೆ ಬರ್ತದೆ?"

"ಅದನ್ನೇ ಹೇಳುವುದು. ಮದುಮಗನಿಗೇ ಒಂದು ಹಗ್ಗ ಕಟ್ಟಿ ಕೈಗೆ ಕೊಡಬೇಕಿತ್ತು."

ಅಷ್ಟು ಹೊತ್ತಿಗೆ ನಮ್ಮನ್ನು ಹುಡುಕಿಕೊಂಡು ಬಂದ ಆಸ್ಟಿನ್ ಮತ್ತು ಶಿಲ್ಲಾಂಗಿನ ಆಂಟಿ ಕೂಡ ಮರಳಿನಲ್ಲಿ ಕುಳಿತಿದ್ದರು. ಆಂಟಿಯ ಪ್ರಶ್ನೆಯನ್ನು ಆಸ್ಟಿನ್ ಕನ್ನಡಕ್ಕೆ ತಂದ: ಬೆಳಿಗ್ಗೆ ಪ್ರತಿಯೊಂದು ಸಾಲನ್ನೂ ಎರಡೆರಡು ಸಲ ಯಾಕೆ ಕೂಗಿದ್ದು?

"ಒಂದು ಸಲ ಹೇಳಿದ್ದನ್ನು ಕಡಲು ತಿಂತದೆ ಪೊರ್ಬುಲೆ," ಎಂದರು ಕಿಟ್ಟಣ್ಣ ಆಸ್ಟಿನ್‌ಗೆ, ಕ್ರೈಸ್ತ ಗಂಡಸರಿಗೆ ಕೊಡುವ ಮರ್ಯಾದೆಯಲ್ಲಿ. "ನೀರಿನ ಹತ್ತಿರ ಇರುವವನಿಗೆ ಎರಡನೆಯ ಸಲ ಹೇಳಿದ್ದೇ ಕೇಳುವುದು."

ಆಂಟಿ ಅದನ್ನು ಕೇಳಿ ತನ್ನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ನಮ್ಮ ಜೊತೆ ವೇದಿಕೆಗೆ ಬನ್ನಿ ಎಂದು ಕರೆದರು. ಕಿಟ್ಟಣ್ಣ ನಕ್ಕು ತಲೆಯಾಡಿಸಿ, ವೇದಿಕೆಯ ಮೇಲೆ ಎಳೆಯಲಿಕ್ಕೆ ಎಂತ ಉಂಟು ಎಂದು ಕೇಳಿದರು.

ಏಳುವಾಗ ನಾನು ಅವರಿಗೆ ದೂರಿನ ವಿಷಯ ಹೇಳಬೇಕಿತ್ತು. ಹೇಳಲಿಲ್ಲ. ಝೀಟಾಳ ಮೈಯ ಮರಳು ಕೊಡವಿ ಹೊರಟೆ.

ಸಂಜೆ ವೇದಿಕೆಯಲ್ಲಿ ಮೇಳದ ಮುಖ್ಯಸ್ಥ ಕರುಣಾಕರ ಭಾಷಣ ಮಾಡಿದರು. ಉಡುಪಿಯವರು, ಮೂರು ತಲೆಮಾರಿನ ಸಸ್ಯಾಹಾರಿ ಹೋಟೆಲಿನ ಮನೆತನ, ಬಿಳಿ ಲಿನನ್ ಅಂಗಿ, ಕಿವಿಯಲ್ಲಿ ಸದಾ ಒಂದು ತಂತಿ. "ಈ ಸಂಗೀತ ಅರಮನೆಯಲ್ಲಿ ಹುಟ್ಟಿದ್ದಲ್ಲ," ಎಂದರು. "ಹತ್ತಿ ಹೊಲದಲ್ಲಿ, ಬಂದರಿನಲ್ಲಿ, ರೈಲು ಹಳಿ ಹಾಕುವವರ ನಡುವೆ ಹುಟ್ಟಿದ್ದು. ಒಬ್ಬ ಕೂಗಿದ, ನೂರು ಜನ ಓಗೊಟ್ಟರು. ದುಡಿಯುವ ಆ ಕಂಠಗಳಿಗೆ ಒಂದು ದೊಡ್ಡ ಚಪ್ಪಾಳೆ ಕೊಡಿ!" ನಾವೆಲ್ಲ ಕೊಟ್ಟೆವು. ನಾನೂ ಕೊಟ್ಟೆ, ಮಗುವಿನ ಕೈಯಿಂದಲೂ ಕೊಡಿಸಿದೆ. ಚಪ್ಪಾಳೆ ಮುಗಿಯುವ ಮೊದಲೇ ಫೋನು ನಡುಗಿತು. ಗ್ರೂಪಿನಲ್ಲಿ ಮೇಳದವರ ಇಂಗ್ಲಿಷ್ ಸಂದೇಶ: ಶಿಬಿರಾರ್ಥಿಗಳ ದೂರಿನ ಮೇರೆಗೆ ನಾಳೆ ಬೆಳಿಗ್ಗೆ ಒಂಬತ್ತರವರೆಗೆ ಶಿಬಿರದ ಎದುರಿನ ದಡದಲ್ಲಿ ಮೀನುಗಾರಿಕೆ ಮತ್ತು ಕೂಗಾಟ ನಿಲ್ಲಿಸಲಾಗಿದೆ, ತೊಂದರೆಗೆ ಕ್ಷಮೆ ಇರಲಿ.

ಕ್ಷಮೆ ಕೇಳಿದ್ದು ನಮ್ಮಲ್ಲಿ! ತೊಂದರೆ ಆದದ್ದು ನಮಗೆ! ಹಿಂದಿನ ರಾತ್ರಿ ಹತ್ತರವರೆಗೆ ಇವರ ಜನರೇಟರು ಆ ಮೂವತ್ತೆರಡು ಮನೆಗಳ ಕಿಟಕಿಯ ಕೆಳಗೆ ಗುಡುಗುತ್ತಿತ್ತು. ಅಲ್ಲಿ ಮಕ್ಕಳು ಮಲಗುವುದಿಲ್ಲವೇ? ನಾನು ಫೋನನ್ನು ಆಸ್ಟಿನ್‌ನ ಮುಖಕ್ಕೆ ಹಿಡಿದೆ.

"ನೀನೇ ಕೇಳಿದ್ದಲ್ವಾ?" ಎಂದ ಅವನು.

ಫೋನು ಕೆಳಗಿಳಿಸಿದೆ. ಹೇಗೂ ಕಿಟ್ಟಣ್ಣನಿಗೆ ಇವರು ಹೇಳಿರುತ್ತಾರೆ, ಒಂದು ದಿನದ ಮಟ್ಟಿಗೆ ಅವರು ಬಲೆ ಹಾಕಲಿಕ್ಕಿಲ್ಲ, ಬೆಳಿಗ್ಗೆ ಹೋಗಿ ಮಾತಾಡುವ ಎಂದು ನನ್ನನ್ನು ನಾನೇ ಮಲಗಿಸಿಕೊಂಡೆ. ಮನಸ್ಸಿಗೆ ಹಿತವಾಗುವ ಸುಳ್ಳು ನನಗೆ ಬೇಗ ಹೊಳೆಯುತ್ತದೆ.

ಭಾನುವಾರ ನನ್ನನ್ನು ಎಬ್ಬಿಸಿದ್ದು ಮೌನ. ಆರು ಕಳೆದಿತ್ತು, ಕೂಗು ಇರಲಿಲ್ಲ. ಝೀಟಾಳನ್ನು ಸೊಂಟಕ್ಕೆ ಏರಿಸಿಕೊಂಡು ಹೊರಗೆ ಬಂದೆ. ದೋಣಿ ದಡದಲ್ಲಿತ್ತು. ಎರಡು ಹಗ್ಗಗಳೂ ನೀರಿನಿಂದ ಬಿಗಿಯಾಗಿ ಮೇಲೆ ಬಂದಿದ್ದವು. ಬಲೆ ಕಡಲಿನಲ್ಲಿತ್ತು. ಹಗ್ಗ ಹಿಡಿದು ಹದಿಮೂರು ಜನ ಸುಮ್ಮನೆ ನಿಂತಿದ್ದರು. ಅವರ ಎದುರು ಬಿಳಿ ಅಂಗಿಯ ಕರುಣಾಕರ.

"ಒಂಬತ್ತು ಗಂಟೆ ತನಕ ನಿಲ್ಲಿಸಿ ಅಂತ ಹೇಳ್ತಿದ್ದೇನೆ, ಅಷ್ಟೇ. ಸೂರ್ಯೋದಯದ ಕಛೇರಿ ಉಂಟು, ರೆಕಾರ್ಡಿಂಗ್ ಆಗ್ತದೆ."

ಪಡುವಣ ಕಡಲಿನ ದಡದಲ್ಲಿ ಸೂರ್ಯೋದಯದ ಕಛೇರಿ! ಸೂರ್ಯ ನಮ್ಮ ಬೆನ್ನ ಹಿಂದೆ, ಹೆದ್ದಾರಿಯ ಆಚೆ ಹುಟ್ಟುತ್ತಿದ್ದ.

"ಬಲೆ ನೀರಿನಲ್ಲಿ ಉಂಟು ಸ್ವಾಮಿ," ಎಂದರು ಕಿಟ್ಟಣ್ಣ. ಸ್ವರ ಏರಿರಲಿಲ್ಲ. "ನೀರು ತೆಂಕಕ್ಕೆ ಎಳೀತಾ ಉಂಟು. ಒಂಬತ್ತು ಗಂಟೆಗೆ ನಮ್ಮ ಬಲೆ ಲೈಟ್‌ಹೌಸಿನ ಕಲ್ಲಿನಲ್ಲಿ ಚಿಂದಿಯಾಗಿರ್ತದೆ."

"ನಿನ್ನೆಯೇ ನೋಟೀಸ್ ಹಾಕಿದ್ದೆವಲ್ಲ?"

"ಎಲ್ಲಿ?"

"ಗ್ರೂಪಿನಲ್ಲಿ."

ಪುಷ್ಪಾವತಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಯಾವ ಗ್ರೂಪು? ಈ ಮನುಷ್ಯನ ಹತ್ತಿರ ಇರುವುದು ಒತ್ತುವ ಫೋನು. ಅದರಲ್ಲಿ ಟಾರ್ಚ್ ಉಂಟು, ಗ್ರೂಪ್ ಇಲ್ಲ. ಇಲ್ಲಿಂದ ನಮ್ಮ ಮನೆ ಕಾಣ್ತದೆ ನೋಡಿ, ಆ ನೀಲಿ ಬಾಗಿಲು. ಬಂದು ಒಂದು ಮಾತು ಹೇಳಲಿಕ್ಕೆ ನಿಮ್ಮ ಕಾಲು ಸವೀತಿತ್ತಾ?"

"ಹಾಗಾದರೆ ಶಬ್ದ ಮಾಡದೆ ಎಳೆಯಿರಿ. ಮೀನು ಬೇಡ ಅಂತ ನಾನು ಹೇಳಲಿಲ್ಲ."

"ಮೂವತ್ತು ಜನರ ಬಲೆ ಸ್ವಾಮಿ, ಹದಿಮೂರು ಜನ ಇದ್ದೇವೆ," ಎಂದರು ಕಿಟ್ಟಣ್ಣ. "ಉಳಿದವರು ನಿಮ್ಮ ಪಾರ್ಕಿಂಗಿನಲ್ಲಿ ಸೀಟಿ ಊದ್ತಿದ್ದಾರೆ. ಕೂಗು ಇಲ್ಲದಿದ್ದರೆ ಒಬ್ಬ ಎಳೆಯುವಾಗ ಒಬ್ಬ ಬಿಡ್ತಾನೆ."

"ಕಂಪ್ಲೇಂಟ್ ಬಂದಿದೆ ಮಾರಾಯ್ರೆ, ನಾನೆಂತ ಮಾಡುವುದು? ಜನ ಮಲಗಬೇಕಲ್ಲ?"

ನಾನು ಮುಂದೆ ಹೋದೆ. "ಕಂಪ್ಲೇಂಟ್ ಕೊಟ್ಟದ್ದು ನಾನು," ಎಂದೆ. "ಈಗ ವಾಪಸ್ ತಗೊಂಡಿದ್ದೇನೆ. ಇವರು ಎಳೆಯಲಿ."

ಕಿಟ್ಟಣ್ಣ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ತಿರುಗಿಸಿ ಕಡಲನ್ನು ನೋಡಿದರು, ಅಷ್ಟೇ.

"ನೀವು ಒಬ್ಬರಲ್ಲ ಮೇಡಂ," ಎಂದರು ಕರುಣಾಕರ, ಫೋನು ತೋರಿಸಿ. "ಇನ್ನೂ ಹದಿನೇಳು ಜನ."

ಆಗ ನನಗೆ ಬಂದ ಸಿಟ್ಟು ಮೊದಲು ಯಾವಾಗಲೂ ಬಂದದ್ದಲ್ಲ. ಅವರ ಮೇಲೆ, ಆ ಹದಿನೇಳು ಹೆಬ್ಬೆರಳುಗಳ ಮೇಲೆ, ಎಲ್ಲಕ್ಕಿಂತ ಮೊದಲು ನನ್ನ ಹೆಬ್ಬೆರಳಿನ ಮೇಲೆ. ಝೀಟಾಳನ್ನು ಸೊಂಟದಲ್ಲೇ ಹೊತ್ತು ಟೆಂಟಿನಿಂದ ಟೆಂಟಿಗೆ ಓಡಿದೆ. ಜಿಪ್ಪು ಎಳೆದು ಒಳಗೆ ತಲೆ ಹಾಕಿ ಕೂಗಿದೆ.

"ಎಂತ, ಬೆಂಕಿ ಬಿದ್ದಿದೆಯಾ?" ಬ್ರೆಂಡಾ ಕೂದಲು ಕಟ್ಟುತ್ತಾ ಎದ್ದಳು.

"ನಿನ್ನೆ ನೀನು ಥಂಬ್ ಒತ್ತಿದ್ದೀಯಾ ಇಲ್ವಾ?"

"ಒತ್ತಿದ್ದೇನೆ. ನಿದ್ರೆಯಲ್ಲಿ."

"ಈಗ ಎಚ್ಚರದಲ್ಲಿ ಬಾ. ಆ ಕೈಯಿಂದಲೇ ಹಗ್ಗ ಎಳೀಬೇಕು."

ಕೆಲವರು ನಿದ್ರೆಗಣ್ಣಲ್ಲೇ ಬಂದರು. ವಿದ್ಯಾರ್ಥಿಗಳು ಮೂವರೂ ಚಡ್ಡಿಯಲ್ಲೇ ಓಡಿದರು. ಆಂಟಿ ಗಿಟಾರು ಒಳಗಿಟ್ಟು, ಉಂಗುರಗಳನ್ನು ಕಳಚಿ ಜೇಬಿಗೆ ಹಾಕಿಕೊಂಡು ನಡೆದರು. ಆ ಬೆಳಗಿನ ಕಛೇರಿ ಅವರದೇ ಆಗಿತ್ತು. ಹಳದಿ ಟೆಂಟಿನ ಒಬ್ಬ ಮಹಾಶಯ, "ನಾವು ವಿಶ್ರಾಂತಿಗೆ ಬಂದದ್ದು, ಕೂಲಿಗಲ್ಲ" ಎಂದು ನನ್ನ ಮುಖಕ್ಕೇ ಜಿಪ್ಪು ಎಳೆದ. ಅವನ ಟೆಂಟಿನ ಎದುರು ಹಿಂದಿನ ದಿನದ ಮೀನಿನ ಮುಳ್ಳುಗಳಿದ್ದವು. ಅದನ್ನು ನಾನು ಮರೆಯುವುದಿಲ್ಲ. ಹದಿನೇಳರಲ್ಲಿ ಬಂದವರು ಹನ್ನೊಂದು. ಒತ್ತದವರೂ ಸೇರಿ ಇಪ್ಪತ್ತರ ಮೇಲಾದರು. ಆಸ್ಟಿನ್ ಮೊದಲೇ ಹಗ್ಗ ಹಿಡಿದಿದ್ದ.

"ಪೊರ್ಬುಲೆ, ಮಣಿಕಟ್ಟಿನಿಂದ ಅಲ್ಲ, ಸೊಂಟದಿಂದ," ಎಂದು ಹೇಳಿ ಕಿಟ್ಟಣ್ಣ ಗಂಟಲು ಸರಿಮಾಡಿಕೊಂಡರು. ಆಮೇಲೆ ಕೂಗಿದರು. "ಒಯ್ಪುಲೆ!" ಎಳೆಯಿರಿ ಎಂದು. ಟೆಂಟಿನೊಳಗೆ ಕಿರುಚಾಟದ ಹಾಗೆ ಕೇಳಿದ್ದು ಅಲ್ಲಿ, ಹಗ್ಗದ ಪಕ್ಕದಲ್ಲಿ, ಒಂದು ದೊಡ್ಡ ಕೈ ಬೆನ್ನ ಮೇಲೆ ಇಟ್ಟ ಹಾಗೆ ಇತ್ತು. ಹದಿಮೂರು ಜನ "ಓ ಐಲೇಸಾ" ಎಂದರು, ಎರಡನೆಯ ಸಲ ಮೂವತ್ತೈದು ಜನ ಎಂದರು. ಸಾಲುಗಳನ್ನು ಅವರು ನಿಂತಲ್ಲೇ ಕಟ್ಟುತ್ತಿದ್ದರು, ತುಳುವಿನಲ್ಲಿ. ಮಣಿಪಾಲದ ಮಕ್ಕಳಿಗೆ ಅಂಗೈ ಬೆಣ್ಣೆ, ಓ ಐಲೇಸಾ. ಮಣಿಪಾಲದ ಮಕ್ಕಳಿಗೆ ಅಂಗೈ ಬೆಣ್ಣೆ, ಓ ಐಲೇಸಾ. ಕರಗುವ ಮೊದಲು ಒಂದು ಸಲ ಎಳೆಯಿರಿ, ಓ ಐಲೇಸಾ. ಗೊತ್ತಾದವರು ನಕ್ಕರು, ಗೊತ್ತಾಗದವರು ಎಳೆದರು.

ಆಗ ಕರುಣಾಕರ ವೇದಿಕೆಯ ಕಡೆಯಿಂದ ಓಡಿ ಬಂದು, "ನಿಲ್ಲಿಸಿ, ಮೈಕು ಆನ್ ಆಗಿದೆ!" ಎಂದು ಎರಡೂ ಕೈಗಳಿಂದ ಹಗ್ಗವನ್ನು ಹಿಡಿದರು, ತಡೆದು ನಿಲ್ಲಿಸುವ ಉದ್ದೇಶದಿಂದ. ಮೂವತ್ತೈದು ಜನ ಎಳೆಯುವ ಹಗ್ಗ ಒಬ್ಬನ ಮಾತು ಕೇಳುವುದಿಲ್ಲ. ಬಿಡಲೂ ಹೊಳೆಯದೆ, ನಿಲ್ಲಿಸಲೂ ಆಗದೆ, ಬಿಳಿ ಅಂಗಿಯವರು ಹತ್ತು ಹೆಜ್ಜೆ ಹಗ್ಗದ ಜೊತೆಗೇ ನಡೆದರು. ಕಿವಿಯ ತಂತಿ ಕಳಚಿ ಜೋತಾಡುತ್ತಿತ್ತು. ಕೊನೆಗೆ ಬಿಟ್ಟು, ಅಂಗೈ ನೋಡಿಕೊಳ್ಳುತ್ತಾ ವೇದಿಕೆಯ ಕಡೆ ಹೋದರು.

ಬಲೆ ದಡಕ್ಕೆ ಬಂದಾಗ ಏಳೂವರೆ. ಇಡೀ ಬಂತು, ಒಂದು ಕಣ್ಣೂ ಹರಿಯದೆ. ಒಳಗೆ ಬಂಗುಡೆ, ನಡುವೆ ಕೆಲವು ಕೊಡ್ಡಾಯಿ. ದೊಡ್ಡ ಹಿಡಿತವೇನಲ್ಲ. ಕಿಟ್ಟಣ್ಣ ಹಗ್ಗ ಬಿಟ್ಟು ಮರಳಿನಲ್ಲಿ ಕುಳಿತು, ಬೈರಾಸು ಬಿಚ್ಚಿ ಮುಖ ಒರೆಸಿ, ಪಾಲು ಮಾಡಲು ಶುರು ಮಾಡಿದರು. ಬಲೆಗೆ, ದೋಣಿಗೆ ತೆಗೆದಿಟ್ಟು, ಉಳಿದದ್ದು ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಸಮವಾಗಿ. ಊರಿನವರಿರಲಿ, ದಾರಿಹೋಕರಿರಲಿ, ಅದು ಈ ದಡದ ಪದ್ಧತಿ. ಹಸಿ ಮರಳಿನ ಮೇಲೆ ಐದೈದು ಮೀನಿನ ರಾಶಿಗಳು ಸಾಲಾಗಿ ಬಿದ್ದವು. ಬ್ರೆಂಡಾ, ವಿದ್ಯಾರ್ಥಿಗಳು, ಆಂಟಿ, ಆಸ್ಟಿನ್, ಎಲ್ಲರದೂ.

ಝೀಟಾಳನ್ನು ನೋಡಿ, "ಇವಳು ನಿನ್ನೆ ಕೂತಳು, ಇವತ್ತು ಬಾಲ ಹಿಡಿದಳು. ನಾನು ನೋಡಿದ್ದೇನೆ," ಎಂದು ಅವಳಿಗೂ ಐದು ಬಂಗುಡೆ. ನಿಜ, ಉಸಿರು ತಿರುಗಿಸಿಕೊಳ್ಳಲು ಒಮ್ಮೆ ಅವಳನ್ನು ಕೆಳಗಿಳಿಸಿದ್ದೆ. ಹಗ್ಗದ ತುದಿಯನ್ನು ತಬ್ಬಿಕೊಂಡಿದ್ದಳು.

ನನ್ನದು ಎಲ್ಲಿ ಎಂದು ನಾನು ಕಾದೆ. ರಾಶಿಗಳು ಮುಗಿದವು.

"ನನಗಿಲ್ವಾ ಕಿಟ್ಟಣ್ಣ?"

"ನಿಮ್ಮ ಕೈ ಹಗ್ಗದ ಮೇಲೆ ಇರಲಿಲ್ಲ ಬಾಯಮ್ಮ."

"ಇಷ್ಟು ಜನರನ್ನು ಎಬ್ಬಿಸಿ ತಂದದ್ದು ಯಾರು?"

"ನೀವು. ಅದು ದೊಡ್ಡ ಕೆಲಸ. ಆದರೆ ಕೈ ಹಗ್ಗದ ಮೇಲೆ ಇರಲಿಲ್ಲ."

ನುಂಗಿಕೊಂಡೆ. ಆಮೇಲೆ ಕಂಡಿತು, ಯಾರೂ ಎತ್ತಿಕೊಳ್ಳದ ಒಂದು ರಾಶಿ ಕೊನೆಯಲ್ಲಿ ಉಳಿದಿತ್ತು. ಅದು ಯಾರದು ಎಂದು ಕೇಳಿದೆ.

"ಆ ಬಿಳಿ ಅಂಗಿಯವರದು. ಹತ್ತು ಹೆಜ್ಜೆ ಬಂದರಲ್ಲ?"

"ಅವರು ನಿಲ್ಲಿಸಲಿಕ್ಕೆ ಬಂದದ್ದು!" ಎಂದು ನಾನು ಕೂಗಿಯೇ ಬಿಟ್ಟೆ. "ನಿಮ್ಮ ಬಲೆ ಕಲ್ಲಿಗೆ ಹೋದರೂ ಅವರಿಗೆ ಎಂತದೂ ಇಲ್ಲ! ಅವರಿಗೆ ಪಾಲು, ನನಗಿಲ್ಲ!"

"ಅದನ್ನೇ ನಾನೂ ಹೇಳಿದ್ದು," ಎಂದರು ಪುಷ್ಪಾವತಿಯಕ್ಕ. "ಈ ಮನುಷ್ಯನಿಗೆ ಹೇಳಿ ಪ್ರಯೋಜನ ಇಲ್ಲ."

"ಯಾಕೆ ಹಿಡಿದೆ ಅಂತ ಒಬ್ಬೊಬ್ಬನನ್ನು ಕೇಳುತ್ತಾ ಹೋದರೆ ಮೀನು ಕೊಳೀತದೆ," ಎಂದರು ಕಿಟ್ಟಣ್ಣ. "ಪಾಲು ತಗೊಂಡವನು ಬಲೆಯವನಾಗ್ತಾನೆ. ನಾಳೆ ಅವರು ನಿಲ್ಲಿಸಿ ಅಂತ ಬಂದರೆ ತನ್ನ ಪಾಲನ್ನೇ ನಿಲ್ಲಿಸಿದ ಹಾಗೆ. ನೀವೇ ಕೊಂಡುಹೋಗಿ ಕೊಡಿ ಬಾಯಮ್ಮ. ನಿಮ್ಮ ಮಾತನ್ನು ಅವರು ಕೇಳ್ತಾರೆ. ಮೊನ್ನೆ ಕೇಳಿದ್ದಾರಲ್ಲ?"

ನಿನ್ನೆಯದನ್ನು ಮೊನ್ನೆಯದು ಮಾಡಿ ಹಳೆಯದಾಗಿಸಿದ್ದು ಅವರ ದೊಡ್ಡತನ ಇರಬಹುದು. ನನಗೆ ಮಾತ್ರ ಮುಳ್ಳಿನ ಹಾಗೆ ಚುಚ್ಚಿತು.

ಐದು ಬಂಗುಡೆಗಳನ್ನು ಝೀಟಾಳ ಕೆಂಪು ಬಕೆಟಿಗೆ ಹಾಕಿಕೊಂಡು ವೇದಿಕೆಯ ಹಿಂದೆ ಹೋದೆ. ಕರುಣಾಕರ ಅಂಗೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಬಕೆಟನ್ನು ಅವರ ಮೇಜಿನ ಮೇಲೆ, ಕಾಗದಗಳ ನಡುವೆ ಇಟ್ಟೆ.

"ಇದೆಂತ ಮೇಡಂ?"

"ನಿಮ್ಮ ಪಾಲು. ಹಗ್ಗಕ್ಕೆ ಕೈ ಹಾಕಿದ್ದಕ್ಕೆ."

"ಅಯ್ಯೋ, ನಾನು ಮೀನು ತಿನ್ನುವುದಿಲ್ಲ!"

"ತಿನ್ನಿ ಅಂತ ನಾನು ಹೇಳಲಿಲ್ಲ. ತಗೊಳ್ಳಿ ಅಂದೆ. ಇನ್ನು ಮುಂದೆ ಅವರಿಗೆ ಎಂತ ಹೇಳುವುದಿದ್ದರೂ ನೀಲಿ ಬಾಗಿಲಿಗೆ ಹೋಗಿ ಹೇಳಿ. ನಿನ್ನೆಯ ನೋಟೀಸು ಈಗಲೇ ತೆಗೆಯಿರಿ. ನಾನು ಇಲ್ಲೇ ನಿಲ್ತೇನೆ."

ಅವರು ಮೀನನ್ನು ನೋಡಿದರು, ನನ್ನನ್ನು ನೋಡಿದರು, ಯಾವುದು ಮೊದಲು ಹೋದರೆ ಒಳ್ಳೆಯದು ಎಂದು ಲೆಕ್ಕ ಹಾಕಿದರು. ಮುಲಾಮಿನ ಬೆರಳಿನಿಂದಲೇ ಸಂದೇಶ ಅಳಿಸಿದರು. ಕ್ಷಮೆ ಕೇಳಲಿಲ್ಲ. ಬಕೆಟನ್ನು ತೋರುಬೆರಳಿನಿಂದ ಮೇಜಿನ ಅಂಚಿಗೆ ತಳ್ಳಿ, ಅಡಿಗೆಯವನನ್ನು ಕರೆಯುತ್ತಾ ಹೋದರು.

"ತಗೊಂಡ್ರಾ?" ಎಂದು ಕೇಳಿದರು ಕಿಟ್ಟಣ್ಣ, ನಾನು ವಾಪಸು ಬಂದಾಗ.

"ವಾಪಸು ಕೊಡಲಿಲ್ಲ."

"ಸಾಕು."

ಸಂಜೆಗೆ ಮೇಳ ಮುಗಿಯಿತು. ಟೆಂಟುಗಳನ್ನು ಬಿಚ್ಚುವಾಗ ಆಸ್ಟಿನ್ ಕಾರಿಗೆ ಸಾಮಾನು ತುಂಬುತ್ತಿದ್ದ. ನಮ್ಮ ಟೆಂಟನ್ನು ಮುಟ್ಟಬೇಡ ಎಂದೆ. ಝೀಟಾ ಬಕೆಟಿಗಾಗಿ ಅಳುತ್ತಿದ್ದಳು. ಬ್ರೆಂಡಾ ಒಂದು ರಾತ್ರಿ ಜೊತೆಗೆ ಉಳಿಯುತ್ತೇನೆ ಎಂದಳು, ಕುಕ್ಕರೂ ಉಳಿಯಿತು.

"ನಾಳೆ ಆಫೀಸ್ ಉಂಟು ಜೋಸ್ಲಿನ್," ಎಂದ ಆಸ್ಟಿನ್.

"ಇಲ್ಲಿಂದ ಮಣಿಪಾಲಕ್ಕೆ ಎಷ್ಟು ದೂರ ಮಾರಾಯ, ಕಾಶ್ಮೀರವಾ?"

ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಝೀಟಾಳನ್ನು ಹಗ್ಗದ ಸುರುಳಿಯೊಳಗೆ ಕೂರಿಸಿ ಸಾಲಿನಲ್ಲಿ ನಿಂತೆ. ಪಾರ್ಕಿಂಗಿನವರೆಲ್ಲ ವಾಪಸು ಬಂದಿದ್ದರು, ಮೂವತ್ತು ಜನ ತುಂಬಿದ್ದರು. ನನ್ನ ಅಗತ್ಯ ಯಾರಿಗೂ ಇರಲಿಲ್ಲ. ಹಗ್ಗ ಒದ್ದೆಯಾಗಿತ್ತು, ಒರಟಾಗಿತ್ತು, ನಾಲ್ಕನೆಯ ಎಳೆತಕ್ಕೆ ಬಲಗೈ ಹೆಬ್ಬೆರಳಿನ ಬುಡದ ಚರ್ಮ ಕಿತ್ತುಬಂತು. ಬಿಡಲಿಲ್ಲ. ಕಿಟ್ಟಣ್ಣ ನನ್ನ ಕಡೆ ನೋಡದೆ ಒಂದು ಸಾಲು ಕಟ್ಟಿದರು: ಮೈಸೂರಿನ ಬಾಯಮ್ಮನಿಗೆ ಬೆಳಿಗ್ಗೆ ನಿದ್ರೆ ಇಲ್ಲ. ಮೂವತ್ತು ಜನ ನಕ್ಕು ಓಗೊಟ್ಟರು. ಅಲೆಯ ಸದ್ದಿನಲ್ಲಿ ನನಗೆ ಪೂರ್ತಿ ಕೇಳಲಿಲ್ಲ. ಅವರು ಇನ್ನೊಮ್ಮೆ ಹೇಳಿದರು.